ಮುದ್ದಕ್ಕನ ಮರ ಯಾವುದು?

ಕೆಲಸಕ್ಕೆ ಸೇರಿದ ಮೊದಲನೆಯ ದಿನ ಕಂಪನಿಯವರು ಸ್ಯಾಂಪಲ್ ಎಂದು ಕೊಟ್ಟ ಪೊಟ್ಟಣವನ್ನು ಜ್ಞಾನೇಶ್ ಮನೆಗೆ ತಂದು ಹಸುವಿನ ಮೇವಿನ ಬಾನಿಗೆ ಸುರಿದಿದ್ದ. ಕಂದು ಬಣ್ಣದ ಪುಟ್ಟ ಪುಟ್ಟ ಗುಳಿಗೆಗಳು. ಡೇರಿಯಲ್ಲಿ ಕೊಡುವ ಫೀಡಿಗೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಹಸು ಗುಳಿಗೆಯನ್ನು ಮೂಸಿ ನೋಡಿತು, ಆಮೇಲೆ ಅವನ ಮುಖ ನೋಡಿತು. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಸುನಿತಾ ಮೇಡಂ ಅವನ ಬಯೋಡೇಟಾ ಓದಿ ಮುಖ ನೋಡಿದ್ದರಲ್ಲ, ಹಾಗೆಯೇ. ಹಸುವಿಗೆ ಧೈರ್ಯ ಬರಲೆಂದು ಅವನೇ ನಾಲ್ಕು ಗುಳಿಗೆ ಬಾಯಿಗೆ ಹಾಕಿಕೊಂಡು ಅಗಿದ.

ಅದು ತಿನ್ನುವುದಲ್ಲ, ಉರಿಸುವುದು ಎಂದು ಆಮೇಲೆ ಗೊತ್ತಾಯಿತು. ಒಣಗಿ ಬಿದ್ದ ತೆಂಗಿನ ಮರ, ಗರಿ, ಮರ ಕೊಯ್ದ ಹೊಟ್ಟು ಎಲ್ಲವನ್ನೂ ಪುಡಿ ಮಾಡಿ, ಒತ್ತಿ, ಗುಳಿಗೆ ಮಾಡಿ, ಕಲ್ಲಿದ್ದಲಿನ ಬದಲು ಕಾರ್ಖಾನೆಗಳ ಬಾಯ್ಲರಿಗೆ ಕಳಿಸುತ್ತಾರೆ. ಹಸಿರು ಇಂಧನ, ಎಷ್ಟು ಉರಿಸಿದರೂ ಮುಗಿಯದ ಇಂಧನ. ಹಸು ಒಂದೇ ಸಲ ಮೂಸಿ ತಿಳಿದುಕೊಂಡದ್ದು, ಬಿ.ಎಸ್ಸಿ. ಮುಗಿಸಿದವನಿಗೆ ತಿಳಿಯಲು ಕಂಪನಿಯ ಟ್ರೈನಿಂಗ್ ಬೇಕಾಯಿತು.

ಅಂಥ ಜ್ಞಾನೇಶ್ ಈಗ ಕಂಪನಿಯ ಹಸಿರು ಟೀ ಶರ್ಟ್ ತೊಟ್ಟು, ‘ಕಚ್ಚಾವಸ್ತು ಸಂಗ್ರಹಣಾ ಅಧಿಕಾರಿ’ ಎಂಬ ತನಗಿಂತ ಉದ್ದದ ಹುದ್ದೆ ಹೊತ್ತು, ಕಂದಿಕೆರೆಯ ಕೃಷ್ಣಯ್ಯನವರ ತೋಟದಲ್ಲಿ ಬಿಸಿಲಿಗೆ ನಿಂತಿದ್ದ. ಒಣಗಿದ್ದ ಮೂರು ತೆಂಗಿನ ಮರಗಳನ್ನು ಕೃಷ್ಣಯ್ಯ ಕಂಪನಿಗೆ ಕೊಡಲು ಒಪ್ಪಿ ಉರುಳಿಸಿದ್ದರು. ಚಿಕ್ಕಣ್ಣನ ಬಾಡಿಗೆ ಟ್ರ್ಯಾಕ್ಟರು ಬಂದು ನಿಂತಿತ್ತು. ಎರಡು ಮರ ಟ್ರೇಲರ್ ಏರಿಯಾಗಿತ್ತು. ಮೂರನೆಯದರ ಮೇಲೆ, ಮರ ಉರುಳಿಸಿದ ಸುದ್ದಿ ಕೇಳಿ ಬೆಳಗಿನ ಬಸ್ಸಿಗೆ ಅರಳಗುಪ್ಪೆಯಿಂದ ಬಂದಿಳಿದ ಕೃಷ್ಣಯ್ಯನವರ ತಂಗಿ ಮುದ್ದಕ್ಕ ಎಲೆಯಡಿಕೆ ಸಂಚಿ ಬಿಚ್ಚಿಕೊಂಡು ಕೂತಿದ್ದರು.

ಮುದ್ದಕ್ಕ: ಏಳಲ್ಲ ಅಂದ್ರೆ ಏಳಲ್ಲ ಕಣಣ್ಣಯ್ಯ. ಮರದ ಜೊತೆಗೆ ನನ್ನೂ ಎತ್ತಾಕ್ಸು.

ಕೃಷ್ಣಯ್ಯ: ನಿನ್ನ ಎತ್ತಾಕಕ್ಕೆ ಇನ್ನೊಂದು ಟ್ರ್ಯಾಕ್ಟ್ರು ಬೇಕಾಯ್ತದೆ ಕಣವ್ವ.

ಮುದ್ದಕ್ಕ: ತರ್ಸು. ನನ್ನ ಮದ್ವೇಲಿ ನಮ್ಮಪ್ಪ ಅರಿಶಿನ ಕುಂಕುಮಕ್ಕೆ ಅಂತ ಈ ತೋಟದಾಗೆ ಒಂದು ಮರ ಬುಟ್ಕೊಟ್ಟ. ಚಪ್ಪರದ ಕೆಳಗೆ ಊರೇ ಕೂತಿತ್ತು. ಇದು ಆ ಮರ. ಹೌದೋ ಅಲ್ವೋ, ಹೇಳು.

ಕೃಷ್ಣಯ್ಯ: ಅದೂ... ಈಗ್ಯಾಕವ್ವ ಅದೆಲ್ಲಾ? ಬಿಸ್ಲು ನೋಡು ಹೆಂಗೈತೆ. ಮನೇಗೋಗು, ನಿಮ್ಮತ್ತಿಗೆ ಮಜ್ಜಿಗೆ ಕೊಡ್ತಾಳೆ.

ಮುದ್ದಕ್ಕ: ಮಜ್ಜಿಗೆ ನಮ್ಮನೇಲೂ ಐತೆ. ವರ್ಷಾ ವರ್ಷಾ ಗೌರಿ ಹಬ್ಬಕ್ಕೆ ನೀನು ನನ್ನ ಮರದ ಕಾಯಿ ಹೊತ್ಕೊಂಡು ಬತ್ತಿದ್ದೆ. ಈ ವರ್ಷ ‘ನಿನ್ನ ಮರ ಕಂಪ್ನಿಗೋಯ್ತು ಕಣವ್ವ’ ಅಂತ ಬರೀ ಬಾಗಿನ ಹಿಡ್ಕೊಂಡು ಬಂದು, ಬಾಗ್ಲಲ್ಲೇ ನಿಂತು, ಮುಂದಿನ ಬಸ್ಸಿಗೆ ಹೊಂಟೋದ್ರೆ? ಅದಕ್ಕೇ ಕೇಳ್ತಾ ಇರೋದು. ಇದು ನಂದೋ, ಅಲ್ವೋ?

ಕೃಷ್ಣಯ್ಯ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರಿದ್ದು ಬಿಸಿಲಿಗೋ ಪ್ರಶ್ನೆಗೋ ಹೇಳುವುದು ಕಷ್ಟವಾಗಿತ್ತು.

ಇತ್ತ ಜ್ಞಾನೇಶನಿಗೂ ಬೆವರು. ತಕರಾರಿನ ಮರ ತರಕೂಡದೆಂಬುದು ಕಂಪನಿಯ ನಿಯಮ. ಇಂದು ಸಂಜೆಯೊಳಗೆ ಒಂದು ಪೂರ್ತಿ ಲೋಡು ಕಾರ್ಖಾನೆ ಸೇರದಿದ್ದರೆ ಅವನ ನೌಕರಿ ಖಾಯಂ ಆಗುವುದಿಲ್ಲವೆಂಬುದು ಸುನಿತಾ ಮೇಡಂ ಅವರ ನಿಯಮ. ಅವನ ಈವರೆಗಿನ ಸಾಧನೆಯೂ ಹೇಳಿಕೊಳ್ಳುವ ಹಾಗಿರಲಿಲ್ಲ. ತುರುವೇಕೆರೆ ಕಡೆ ಹೋದಾಗ ಕಾಲುವೆಗೆ ಅಡ್ಡ ಬಿದ್ದಿದ್ದ ತೆಂಗಿನ ಮರವನ್ನು ವೇಸ್ಟು ಎಂದುಕೊಂಡು ತುಂಬಿಸಿದ್ದ. ಸಂಜೆ ಡೇರಿಗೆ ಹಾಲು ಹಾಕಲು ಹೊರಟ ಹೆಂಗಸರು ಕ್ಯಾನು ಹಿಡಿದು ಆಚೆ ದಡದಲ್ಲಿ ನಿಂತು ಬೈಯತೊಡಗಿದ ಮೇಲೆ ಅದು ಸೇತುವೆ ಎಂದು ತಿಳಿಯಿತು. ಬೈಗುಳದ ಅರ್ಧ ಮಾತ್ರ ಅವನಿಗೆ ಹೊಸದು. ಉಳಿದರ್ಧವನ್ನು ಫೋನಿನಲ್ಲಿ ಮೇಡಂ ಆಗಲೇ ಹೇಳಿದ್ದರು.

ಆದ್ದರಿಂದ ಈ ಸಲ ಬುದ್ಧಿ ಉಪಯೋಗಿಸಲು ನಿರ್ಧರಿಸಿದ. ಇದ್ದಷ್ಟನ್ನು.

ಜ್ಞಾನೇಶ್: ಅಮ್ಮಾ, ನಿಮ್ಮ ಕಷ್ಟ ನಂಗರ್ಥ ಆಯ್ತು. ಮರದ ದುಡ್ಡಲ್ಲಿ ನಿಮ್ಗೂ ಒಂದು ಪಾಲು ಕೊಡ್ಸೋ ಜವಾಬ್ದಾರಿ ನಂದು. ಏಳಿ ಈಗ.

ಮುದ್ದಕ್ಕ: ಸೌದೆ ದುಡ್ಡಿಗೆ ಬಂದೋಳು ಅಂದ್ಕಂಡ್ಯಾ ನನ್ನ? ಬಸ್ಸು ಫ್ರೀ ಇರಬೋದು ಕಣಪ್ಪ, ನಾನು ಫ್ರೀ ಅಲ್ಲ. ಮನೇಲಿ ಎರಡು ಎಮ್ಮೆ ಕಟ್ಟಾಕಿ ಬಂದಿವ್ನಿ.

ದುಡ್ಡಲ್ಲ ಎಂದಾಯಿತು. ಹಾಗಾದರೆ ಭಾವನೆ. ರೈತರ ಭಾವನೆಗೆ ಬೆಲೆ ಕೊಡುವುದು ಹೇಗೆಂದು ಟ್ರೈನಿಂಗಿನಲ್ಲಿ ಒಂದು ಇಡೀ ಮಧ್ಯಾಹ್ನ ಹೇಳಿಕೊಟ್ಟಿದ್ದರು. ಅವನು ಅರ್ಧ ನಿದ್ದೆ ಮಾಡಿದ್ದ. ಉಳಿದರ್ಧವನ್ನು ಈಗ ಹೊರತೆಗೆದ.

ಜ್ಞಾನೇಶ್: ತವರಿನ ಮರ ಅಂದ್ರೆ ಸುಮ್ನೇನಾ ಅಮ್ಮ! ಆದ್ರೆ ಒಂದು ತಿಳ್ಕಳಿ, ಈ ಮರ ಸಾಯಲ್ಲ. ಪುಡಿಯಾಗಿ, ಗುಳಿಗೆಯಾಗಿ, ಬೆಂಕಿಯಾಗಿ ಮತ್ತೆ ಹುಟ್ಟುತ್ತೆ.

ಮುದ್ದಕ್ಕ: ಅಣ್ಣಯ್ಯ, ಮರ ತಗೊಂಡೋಗಕ್ಕೆ ಕರ್ಸಿದ್ಯೋ, ತಿಥಿ ಮಾಡಕ್ಕೆ ಕರ್ಸಿದ್ಯೋ ಇವ್ನ?

ಕೃಷ್ಣಯ್ಯ: ನಾನು ಫೋನಲ್ಲಿ ಮಾತಾಡ್ದಾಗ ಸರಿಯಾಗೇ ಇದ್ದ ಕಣವ್ವ.

ಜ್ಞಾನೇಶ್ ಸೋಲಲಿಲ್ಲ. ಬ್ಯಾಗಿನಿಂದ ಸ್ಯಾಂಪಲ್ ಪೊಟ್ಟಣ ತೆಗೆದು ಮುದ್ದಕ್ಕನ ಅಂಗೈಗೆ ನಾಲ್ಕು ಗುಳಿಗೆ ಸುರಿದ.

ಮುದ್ದಕ್ಕ: ಇದು ಡೇರಿ ಫೀಡಲ್ವೇನ್ಲಾ?

ಜ್ಞಾನೇಶ್: (ದೊಡ್ಡ ಮನುಷ್ಯನ ನಗು ನಗುತ್ತ) ತುಂಬಾ ಜನ ಹಂಗೇ ತಪ್ಪು ತಿಳ್ಕೋತಾರೆ ಅಮ್ಮ. ಓದಿಲ್ದೋರು, ಪಾಪ.

ಮುದ್ದಕ್ಕ: ಅಕಸ್ಮಾತ್ ತಿಂದ್ಬುಟ್ರೆ?

ಜ್ಞಾನೇಶ್: ಏನೂ ಆಗಲ್ಲ. ಎರಡು ದಿನ ಹಲ್ಲಿನ ಸಂದೀಲಿ ಮರದ ಪುಡಿ ಸಿಕ್ಕಾಕೊಂಡಿರುತ್ತೆ, ಅಷ್ಟೆ.

ಅಣ್ಣ ತಂಗಿ ಇಬ್ಬರೂ ಅವನನ್ನೇ ನೋಡಿದರು. ಟ್ರ್ಯಾಕ್ಟರಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಚಿಕ್ಕಣ್ಣನೂ ಕಣ್ಣು ಬಿಟ್ಟು ನೋಡಿದ.

ಕೃಷ್ಣಯ್ಯ: ಅಲ್ಲ ಕಣಪ್ಪ, ಬಚ್ಚಲೊಲೆಗೆ ನಾವು ಹಾಕೋದೂ ಇದೇ ಮರ, ಇದೇ ಗರಿ ಅಲ್ವಾ? ಇದ್ರಲ್ಲಿ ನಿಮ್ಮ ಕಂಪ್ನಿ ಕಂಡುಹಿಡ್ದಿದ್ದು ಏನು?

ಮುದ್ದಕ್ಕ: ನಾವು ಉರಿಸಿದ್ರೆ ಹೊಗೆ, ಇವ್ರು ಉರಿಸಿದ್ರೆ ಹಸಿರು. ಅಷ್ಟೂ ಗೊತ್ತಾಗಲ್ವಾ ನಿಂಗೆ?

ಚಿಕ್ಕಣ್ಣ: ಅಣ್ಣಾ, ಗಾಡಿ ಬಾಡಿಗೆ ಗಂಟೆ ಲೆಕ್ಕ. ನೀವು ಮಾತಾಡ್ರಿ, ನಂಗೇನು ಬೇಜಾರಿಲ್ಲ.

ಬಾಡಿಗೆ ಎಂದ ಕೂಡಲೇ ಜ್ಞಾನೇಶನಿಗೆ ಮೂರನೆಯ ಉಪಾಯ ಹೊಳೆಯಿತು. ಮರವನ್ನು ಎರಡು ತುಂಡು ಮಾಡಿ, ಬುಡ ತಂಗಿಗೆ, ತುದಿ ಅಣ್ಣನಿಗೆ. ತಂಗಿ ತನ್ನ ಬುಡವನ್ನೂ, ಅಣ್ಣ ತನ್ನ ತುದಿಯನ್ನೂ ಕಂಪನಿಗೆ ಕೊಡುವುದು. ಆಗ ತಕರಾರು ಇರುವುದಿಲ್ಲ, ಮರವೂ ಪೂರ್ತಿ ಸಿಗುತ್ತದೆ. ಇದನ್ನು ಅವನು ಬಹಳ ಉತ್ಸಾಹದಿಂದ ವಿವರಿಸಿದ. ಮುದ್ದಕ್ಕ ಪೂರ್ತಿ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚಿ, ಬಾಯಿಗಿಟ್ಟುಕೊಂಡು, ಅಣ್ಣನ ಕಡೆ ತಿರುಗಿದರು. ಅವನ ಉಪಾಯಕ್ಕೆ ಸಿಕ್ಕ ಉತ್ತರ ಅಷ್ಟೇ.

ಮುದ್ದಕ್ಕ: ನೋಡಣ್ಣಯ್ಯ, ನಂಗೆ ದುಡ್ಡು ಬ್ಯಾಡ, ಬುಡ ಬ್ಯಾಡ, ತುದಿ ಬ್ಯಾಡ. ಒಂದು ಮಾತು ಸಾಕು. ಇದು ನನ್ನ ಮರ ಅಲ್ಲ ಅನ್ನಂಗಿದ್ರೆ, ಈ ಕಂಪ್ನಿ ಹುಡುಗನ ಮುಂದೆ ಬಾಯ್ಬುಟ್ಟು ಹೇಳ್ಬುಡು. ಈಗ್ಲೇ ಏಳ್ತೀನಿ.

ಕೃಷ್ಣಯ್ಯ: ಇದು... ನಿನ್ನ ಮರ ಅಲ್ಲ ಕಣವ್ವ.

ಮುದ್ದಕ್ಕ: ನಂದು?

ಕೃಷ್ಣಯ್ಯ: ನಿಂದು... ನಿಂತೈತೆ.

ಮುದ್ದಕ್ಕ: ಸುಮ್ನೆ ನಿಂತೈತಾ?

ಕೃಷ್ಣಯ್ಯ: ಕಾಯೂ ಬುಡ್ತೈತೆ.

ಮುದ್ದಕ್ಕ: ಗೌರಿ ಹಬ್ಬಕ್ಕೆ?

ಕೃಷ್ಣಯ್ಯ: ತರ್ತೀನಿ.

ಮುದ್ದಕ್ಕ: ಹಂಗನ್ನು ಮತ್ತೆ! ಇಷ್ಟು ಹೇಳಕ್ಕೆ ಬೆಳಿಗ್ಗೆಯಿಂದ ಆ ಪಾಟಿ ಎಣಗಾಡ್ತಿದ್ಯಲ್ಲ.

ಸಂಚಿ ಕಟ್ಟಿಕೊಂಡು, ಸೀರೆಯ ಹಿಂಭಾಗ ಕೊಡವಿಕೊಂಡು ಮುದ್ದಕ್ಕ ಎದ್ದೇ ಬಿಟ್ಟರು. ಜಗಳ ಮುಗಿದಿತ್ತು. ಬುದ್ಧಿವಂತನಾದವನು ಯಾರಾದರೂ ಇದ್ದಿದ್ದರೆ ಮೂರನೆಯ ಮರವನ್ನು ಟ್ರೇಲರಿಗೆ ಏರಿಸಿ, ಕೈಮುಗಿದು, ಗೇಟು ದಾಟುತ್ತಿದ್ದ. ಆದರೆ ಅಲ್ಲಿದ್ದವನು ಜ್ಞಾನೇಶ್. ಅವನು ನ್ಯಾಯ ಕೊಡಿಸಲೇಬೇಕಿತ್ತು. ಮುದ್ದಕ್ಕನಿಗೆ, ಅವರು ಬೇಡವೆಂದರೂ.

ಜ್ಞಾನೇಶ್: ಒಂದ್ನಿಮಿಷ ಯಜಮಾನ್ರೇ. ಹಂಗಾದ್ರೆ ಅಮ್ಮನ ಮರ ಯಾವ್ದು, ತೋರ್ಸಿ. ಒಂದು ಫೋಟೋ ತೆಗ್ದು ಕಂಪ್ನಿ ಆ್ಯಪಿಗೆ ಹಾಕ್ಬಿಡ್ತೀನಿ. ನಾಳೆ ಯಾರೂ ಮಾತಾಡಂಗಿಲ್ಲ.

ಮುದ್ದಕ್ಕ: (ಥಟ್ಟನೆ) ಬ್ಯಾಡ ಬುಡಪ್ಪ. ಅಣ್ಣಯ್ಯನ ಮಾತು ಸಾಕು.

ಜ್ಞಾನೇಶ್: ನಿಮಗೋಸ್ಕರಾನೇ ಅಮ್ಮ ಹೇಳ್ತಿರೋದು!

ಮುದ್ದಕ್ಕ: ನನಗೋಸ್ಕರ ನಂಗೇ ಬ್ಯಾಡ ಅಂತಿದ್ದೀನಿ.

ಜ್ಞಾನೇಶ್: ಎಷ್ಟು ಒಳ್ಳೇವ್ರಮ್ಮ ನೀವು! ಇಂಥೋರ್ಗೇ ಮೋಸ ಆಗೋದು. ಯಜಮಾನ್ರೇ, ತೋರ್ಸಿ.

ಕೃಷ್ಣಯ್ಯ ತೋಟವನ್ನು ಮೊದಲ ಸಲ ನೋಡುವವರಂತೆ ಸುತ್ತಲೂ ನೋಡಿದರು. ಕೊನೆಗೆ ಕೈಯೊಂದು ತಾನಾಗಿ ಎದ್ದು ಪಂಪ್‌ಹೌಸಿನ ಕಡೆ ತಿರುಗಿತು.

ಕೃಷ್ಣಯ್ಯ: ಅದೇ. ಆ ಪಂಪ್‌ಹೌಸ್ ಪಕ್ಕದ್ದು.

ಜ್ಞಾನೇಶ್: ಅದಾ? ಅದಕ್ಕೆ ಹದಿನೈದು ವರ್ಷನೂ ಆಗಿಲ್ವಲ್ಲ ಯಜಮಾನ್ರೇ. ಗರಿ ಉದುರಿದ ಗುರುತು ನೋಡಿದ್ರೆ ಗೊತ್ತಾಗುತ್ತೆ, ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದಾರೆ. ಅಮ್ಮನ ಮದ್ವೆ ಆಗಿ ನಲವತ್ತು ವರ್ಷ ಆಗಿರ್ಬೇಕು.

ಮುದ್ದಕ್ಕ: ಕೆಲವು ಮರಕ್ಕೆ ವಯಸ್ಸು ಕಾಣಲ್ಲ ಕಣಪ್ಪ. ನಮ್ಮತ್ತಿಗೇನ ನೋಡಿಲ್ವಾ ನೀನು?

ಕೃಷ್ಣಯ್ಯ: ಅದಲ್ಲ, ಅದಲ್ಲ. ಅದರ ಹಿಂದಿಂದು.

ಜ್ಞಾನೇಶ್: ಅದು ಬೇಲಿಯಾಚೆ ಐತಲ್ಲ. ರೇವಣಸಿದ್ದಯ್ಯನವ್ರ ತೋಟದ್ದು. ನಿನ್ನೆ ಅವರೇ ನಂಗೆ ತೋರ್ಸಿದ್ರು.

ಮುದ್ದಕ್ಕ: ಬೇಲಿ ಅಂದ್ಮೇಲೆ ಸರೀತೈತೆ. ಮಳೆಗಾಲದಲ್ಲಿ ಎಲ್ಲಾರ ಬೇಲೀನೂ ಸರಿಯೋದೆ.

ಕೃಷ್ಣಯ್ಯ: ಅಯ್ಯೋ, ಅದೂ ಅಲ್ಲಪ್ಪ. ಇತ್ಲಾಗೆ ನೋಡು. ಆ ಮೂಲೇಲಿ ಉದ್ದುಕೆ ನಿಂತಿಲ್ವಾ, ಅದು.

ಜ್ಞಾನೇಶ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಇನ್ನೊಮ್ಮೆ ನೋಡಿದ.

ಜ್ಞಾನೇಶ್: ಯಜಮಾನ್ರೇ... ಅದು ಅಡಿಕೆ ಮರ.

ಮುದ್ದಕ್ಕ: ದೂರದಿಂದ ಹಂಗೇ ಕಾಣೋದು ಅದು.

ಚಿಕ್ಕಣ್ಣ: ಅಕ್ಕ, ನನ್ನ ಕಣ್ಣಿಗೂ ಅಡಿಕೇನೇ ಕಾಣ್ತೈತೆ.

ಮುದ್ದಕ್ಕ: ನಿನ್ನ ಕಣ್ಣು ಟ್ರ್ಯಾಕ್ಟ್ರ ಮ್ಯಾಲಿರ್ಲಿ ಚಿಕ್ಕಣ್ಣ. ತೋಟಕ್ಕೆ ನಮ್ಮ ಕಣ್ಣು ಸಾಕು.

ಇಷ್ಟಾದರೂ ಜ್ಞಾನೇಶನಿಗೆ ಅನುಮಾನ ಬಂದದ್ದು ಒಂದೇ: ವಯಸ್ಸಾದ ಮೇಲೆ ಕೃಷ್ಣಯ್ಯನವರಿಗೆ ಕಣ್ಣು ಮಂದವಾಗಿರಬೇಕು. ಅಣ್ಣ ಒಂದೊಂದು ಸುಳ್ಳು ಹೇಳಿದಾಗಲೂ ತಂಗಿ ಅದಕ್ಕೆ ಊರುಗೋಲು ಕೊಡುತ್ತಿದ್ದುದು ಅವನಿಗೆ ಹೊಳೆಯಲಿಲ್ಲ. ಬೈಕಿನ ಪೆಟ್ಟಿಗೆಯಿಂದ ಕೆಂಪು ಬಣ್ಣದ ಡಬ್ಬಿ, ಕುಂಚ ತಂದ. ಕಂಪನಿ ಕೊಂಡ ಮರಗಳಿಗೆ ಗುರುತು ಹಾಕಲು ಕೊಟ್ಟದ್ದು; ಇಲ್ಲಿಯವರೆಗೆ ಅದರಲ್ಲಿ ಅವನು ಬಣ್ಣ ಹಚ್ಚಿದ್ದು ತನ್ನ ಪ್ಯಾಂಟಿಗೆ ಮಾತ್ರ.

ಜ್ಞಾನೇಶ್: ತಗೊಳ್ಳಿ ಯಜಮಾನ್ರೇ. ನೀವೇ ಹೋಗಿ ಅಮ್ಮನ ಮರಕ್ಕೆ ಒಂದು ಪಟ್ಟೆ ಎಳ್ದುಬಿಡಿ. ಹತ್ರ ಹೋದ್ರೆ ಗುರುತು ಸಿಗುತ್ತೆ.

ಮುದ್ದಕ್ಕ: ಏ, ನಿಂಗೆ ಬ್ಯಾರೆ ಕೆಲ್ಸ ಇಲ್ವೇನ್ಲಾ? ಮರ ತುಂಬ್ಕೊಂಡು ಹೋಗೋ ಅಂದ್ರೆ ತೋಟಕ್ಕೆಲ್ಲ ಸುಣ್ಣಬಣ್ಣ ಹೊಡ್ಸಕ್ಕೆ ನಿಂತವ್ನೆ!

ಕೃಷ್ಣಯ್ಯ ಕುಂಚ ಹಿಡಿದು ನಾಲ್ಕು ಹೆಜ್ಜೆ ಹೋದರು. ಒಂದು ಮರದ ಮುಂದೆ ನಿಂತರು, ಕೈ ಏಳಲಿಲ್ಲ. ಪಕ್ಕದ ಮರಕ್ಕೆ ಹೋದರು. ಕುಂಚದಿಂದ ಬಣ್ಣ ತೊಟ್ಟಿಕ್ಕಿ ಅವರ ಬಿಳಿ ಪಂಚೆಗೆ ಗುರುತು ಬಿತ್ತು. ಅವರು ಸೋತವರಂತೆ ತಿರುಗಿ ಬಂದರು.

ಕೃಷ್ಣಯ್ಯ: ಇನ್ನು ನನ್ನ ಕೈಲಾಗಲ್ಲ. ಮುದ್ದಕ್ಕ, ಹೇಳ್ಬುಡ್ತೀನಿ ಕೇಳವ್ವ. ನಿನ್ನ ಮರಕ್ಕೆ...

ಮುದ್ದಕ್ಕ: ಚಿಕ್ಕಣ್ಣಾ! ಗಾಡಿ ಸ್ಟಾರ್ಟ್ ಮಾಡಪ್ಪ!

ಚಿಕ್ಕಣ್ಣ: ಇನ್ನೂ ಮರ ಏರ್ಸಿಲ್ವಲ್ಲಕ್ಕ.

ಮುದ್ದಕ್ಕ: ಮಾಡು ಅಂದ್ನಲ್ಲ! ಕೆಟ್ಟೋಗೈತಾ ನೋಡಾನ.

ಟ್ರ್ಯಾಕ್ಟರು ಕೆಮ್ಮಿತು, ಅಬ್ಬರಿಸಿತು. ತೋಟದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ರೇವಣಸಿದ್ದಯ್ಯನವರ ತೋಟಕ್ಕೆ ಹಾರಿದವು. ಆ ಸದ್ದಿನಲ್ಲಿ ಕೃಷ್ಣಯ್ಯನವರ ತುಟಿ ಅಲ್ಲಾಡುತ್ತಿತ್ತು. ಪಕ್ಕದಲ್ಲೇ ನಿಂತ ಜ್ಞಾನೇಶನಿಗೆ ಒಂದೊಂದು ಮಾತೂ ಕೇಳಿಸಿತು.

ಕೃಷ್ಣಯ್ಯ: ...ಸಿಡ್ಲು ಹೊಡೀತು ಕಣವ್ವ, ನಮ್ಮ ಹುಡುಗ ಮೋಹನ್ ಕುಮಾರನ ಮದ್ವೆ ವರ್ಷ. ನಿಂತಂಗೇ ಸುಟ್ಟೋಯ್ತು. ಹೆಣ್ಮಗಳ ಅರಿಶಿನ ಕುಂಕುಮದ ಮರ ಸುಟ್ಟೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ? ಅವತ್ತಿಂದ ತೋಟದಲ್ಲಿರೋ ಒಳ್ಳೊಳ್ಳೆ ಕಾಯೆಲ್ಲ ಆರ್ಸಿ, ನಿನ್ನ ಮರದ್ದು ಅಂತ ತಂದು ಹಾಕ್ತಿದ್ದೀನಿ. ತಪ್ಪಾಯ್ತು.

ಮುದ್ದಕ್ಕ ಕೈಬೀಸಿದರು. ಚಿಕ್ಕಣ್ಣ ಎಂಜಿನ್ ಆರಿಸಿದ.

ಮುದ್ದಕ್ಕ: ಏನಂದೆ ಅಣ್ಣಯ್ಯ? ಈ ದರಿದ್ರದ ಗಾಡಿ ಸದ್ದಲ್ಲಿ ಒಂದಕ್ಷರ ಕೇಳಿಸ್ಲಿಲ್ಲ.

ಕೃಷ್ಣಯ್ಯ ತಂಗಿಯ ಮುಖವನ್ನು ನೋಡಿದರು. ತಂಗಿ ಕಣ್ಣು ಕದಲಿಸದೆ ಅಣ್ಣನನ್ನೇ ನೋಡುತ್ತಿದ್ದರು.

ಜ್ಞಾನೇಶ್: ಅಮ್ಮ, ಅವ್ರೇನಂದ್ರು ಅಂದ್ರೆ...

ಮುದ್ದಕ್ಕ: ನಿನ್ನ ಕೇಳಿದ್ನಾ ನಾನು? ಅಣ್ಣಯ್ಯ, ನೀ ಹೇಳು.

ಕೃಷ್ಣಯ್ಯ: (ನಿಧಾನವಾಗಿ) ಗೌರಿ ಹಬ್ಬಕ್ಕೆ ಬತ್ತೀನಿ ಅಂದೆ ಕಣವ್ವ.

ಮುದ್ದಕ್ಕ: ಬಾ. ಅದಕ್ಕೆ ಇಷ್ಟೊತ್ತು ಬೇಕಾ? ತುಂಬ್ಸಪ್ಪ ಮರಾನ, ಇದು ನಂದಲ್ಲ. ಅಣ್ಣಯ್ಯ, ಪಂಚೆ ಮ್ಯಾಲೆ ಬಣ್ಣ ಐತೆ, ಅತ್ತಿಗೆ ಕೈಗೆ ಸಿಗಬ್ಯಾಡ.

ಮೂರನೆಯ ಮರವೂ ಟ್ರೇಲರ್ ಏರಿತು. ಕೃಷ್ಣಯ್ಯ ಮರದ ಪಕ್ಕ ನಿಂತು, ಫೋಟೋಗೆ ಮುಖ ಕೊಟ್ಟು, ಮನೆಯ ಕಡೆ ಬೇಗಬೇಗ ಹೆಜ್ಜೆ ಹಾಕಿದರು. ಸುನಿತಾ ಮೇಡಂ ಫೋನಿನಲ್ಲಿ ತಕರಾರು ಏನಾದರೂ ಇತ್ತಾ ಎಂದು ಕೇಳಿದರು. ಜ್ಞಾನೇಶ್ ‘ಏನೂ ಇರಲಿಲ್ಲ ಮೇಡಂ, ಎಲ್ಲಾ ನಾನೇ ಬಗೆಹರಿಸಿದೆ’ ಎಂದ. ಅವನ ವೃತ್ತಿಜೀವನದ ಮೊದಲ ಯಶಸ್ವಿ ಲೋಡಿಗೆ ಅವನು ಮಾಡಿದ ಒಂದೇ ಸಹಾಯವೆಂದರೆ, ಅದನ್ನು ಪೂರ್ತಿ ಕೆಡಿಸಲು ಅವನಿಂದ ಸಾಧ್ಯವಾಗದೆ ಹೋದದ್ದು.

ಮುದ್ದಕ್ಕನನ್ನು ಬಸ್ ಸ್ಟ್ಯಾಂಡಿಗೆ ಬಿಡುವ ಕೆಲಸ ಅವನ ಬೈಕಿಗೆ ಬಿತ್ತು.

ಮುದ್ದಕ್ಕ: ನಿಧಾನ ಕಣ್ಲಾ. ನಾನೇನು ನಿಮ್ಮ ಕಂಪ್ನಿ ಲೋಡಲ್ಲ.

ಜ್ಞಾನೇಶ್: ನಿಮ್ಮಣ್ಣ ಹಬ್ಬಕ್ಕೆ ಬಸ್ಸಲ್ಲೇ ಬರ್ತಾರಾ ಅಮ್ಮ?

ಮುದ್ದಕ್ಕ: ಮೊದ್ಲು ಬಸ್ಸಲ್ಲೇ ಬತ್ತಿದ್ದ. ಬಾಗಿನ ಕೊಟ್ಟು, ಕಾಫಿ ಕುಡ್ದು, ಹಂಗೇ ಮುಂದಿನ ಬಸ್ಸಿಗೆ ಹೊಂಟೋಗೋನು. ಈಗ ಚೀಲ ಜಾಸ್ತಿ ಅಲ್ವಾ, ಲಗೇಜ್ ಆಟೋ ಮಾಡ್ಕೊಂಡು ಬತ್ತಾನೆ. ಆಟೋದೋನು ವಾಪಸ್ ಹೋಗ್ಬುಡ್ತಾನೆ. ಚೀಲ ಇಳ್ಸೋ ಹೊತ್ಗೆ ಕತ್ಲಾಯ್ತದೆ, ಇವ್ನಿಗೆ ಬಸ್ ಸಿಗಲ್ಲ. ರಾತ್ರಿ ಉಳ್ಕೊಂಡು, ಒಬ್ಬಟ್ಟು ತಿಂದು, ಬೆಳಗಾಗೋಗಂಟ ನಮ್ಮಪ್ಪನ ಕಾಲದ್ದೆಲ್ಲ ಮಾತಾಡ್ತಾ ಕೂತಿರ್ತಾನೆ.

ಬಸ್ ಸ್ಟ್ಯಾಂಡಿನಲ್ಲಿ ಬೈಕು ನಿಂತಿತು. ಮುದ್ದಕ್ಕ ಇಳಿದು ಸೆರಗು ಸರಿಮಾಡಿಕೊಂಡರು. ದೂರದಲ್ಲಿ ಬಸ್ಸಿನ ಧೂಳು ಕಾಣಿಸುತ್ತಿತ್ತು. ಕೇಳಬಾರದೆಂದು ತುಟಿಯಲ್ಲೇ ತಡೆದುಕೊಂಡಿದ್ದ ಪ್ರಶ್ನೆಯನ್ನು ಜ್ಞಾನೇಶ್ ಕೊನೆಗೂ ಕೇಳಿಯೇ ಬಿಟ್ಟ.

ಜ್ಞಾನೇಶ್: ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮರ ಇಲ್ಲ ಅಂತ ನಿಮ್ಗೆ ಮೊದ್ಲಿಂದಾನೂ ಗೊತ್ತಿತ್ತು, ಅಲ್ವಾ?

ಮುದ್ದಕ್ಕ: ಬದುಕಿದ್ದಾಗ ವರ್ಷಕ್ಕೆ ಅರ್ಧ ಚೀಲ ಕಾಯಿ ಬುಡ್ತಿತ್ತು. ಸಿಡ್ಲು ಹೊಡೆದ ಮ್ಯಾಲೆ ಎರಡು ಚೀಲ ಬುಡ್ತೈತೆ. ಅದು ಸತ್ತೈತೆ ಅಂತ ಕೇಳಿಸ್ಕೊಳ್ಳಕ್ಕೆ ನಂಗೇನು ಹುಚ್ಚೇನ್ಲಾ?